ಬಿದ್ದ ಕಲ್ಲಂಗಡಿ, ಬಿದ್ದ ಬತ್ತಾಸು

ಕಳೆದ ಭಾರತ ಹುಣ್ಣಿಮೆ ಮುಗಿದ ಮರುವಾರ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳ ಜೊತೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗಿದ್ದೆ. ಹುಣ್ಣಿಮೆಯ ದಿನದ ನೂಕುನುಗ್ಗಲು ನನ್ನ ಮೊಣಕಾಲಿಗೆ ಈಗ ಆಗುವುದಿಲ್ಲ. ದರ್ಶನ ಮುಗಿಸಿ, ಹಣೆತುಂಬ ಭಂಡಾರ ಹಚ್ಚಿಕೊಂಡು ಬಸ್ ನಿಲ್ದಾಣಕ್ಕೆ ಬಂದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಗಾಡಿಯವನ ಹತ್ತಿರ ಕಲ್ಲಂಗಡಿ ಹೋಳು ಕೊಂಡೆವು. ಆರು ವರ್ಷದ ಮೊಮ್ಮಗನ ಕೈಯಿಂದ ಹೋಳು ಜಾರಿ ದಪ್ಪೆಂದು ನೆಲಕ್ಕೆ ಬಿತ್ತು.

“ಅಜ್ಜಾ, ಐದ ಸೆಕೆಂಡ್ ಆಗಿಲ್ಲ!” ಎಂದು ಕೂಗಿ ಹುಡುಗ ಅದನ್ನು ಚಕ್ಕನೆ ಎತ್ತಿಕೊಂಡ. ಬಿದ್ದದ್ದನ್ನು ಐದು ಸೆಕೆಂಡಿನೊಳಗೆ ಎತ್ತಿಕೊಂಡರೆ ಅದಕ್ಕೆ ಹೊಲಸು ಹತ್ತುವುದಿಲ್ಲ ಎಂಬುದು ಅವನ ಶಾಲೆಯ ಗೆಳೆಯರ ಕಾನೂನಂತೆ. ನಮ್ಮ ಕಾಲದಲ್ಲೂ ಒಂದು ಕಾನೂನಿತ್ತು. ಮೂರು ಸಲ ಊದಿದರೆ ಸಾಕು. ನಾನು ಧೋತರದ ಚುಂಗಿನಿಂದ ಹೋಳು ಒರೆಸಿ, “ತಿನ್ನು, ಏನೂ ಆಗೂದಿಲ್ಲ” ಅಂದೆ.

ಸೊಸೆ ಬಂದವಳೇ ಅದನ್ನು ಕಿತ್ತುಕೊಂಡು ಕಸದ ಡಬ್ಬಿಗೆ ಹಾಕಿದಳು. “ಮಾವಾರ, ಇಲ್ಲಿ ಎಷ್ಟ ಮಂದಿ ಉಗುಳ್ಯಾರ ನೋಡ್ರಿ. ನೀವ ಹಿಂಗ ಕಲಿಸಿದ್ರ ಹೆಂಗರಿ?”

ನಾಲ್ಕು ಮಂದಿಯ ಎದುರು ಅನ್ನಿಸಿಕೊಂಡಂತಾಯಿತು. “ನಾವೆಲ್ಲಾ ಹಿಂಗ ತಿಂದ ಬೆಳದೀವಿ. ನಮಗೇನಾಗೇತಿ?” ಅಂದೆ. ನನ್ನ ವಯಸ್ಸಿನವರೆಲ್ಲ ಆಡುವ ಮಾತೇ ಇದು.

ಅವಳು ಸಿಟ್ಟು ಮಾಡಲಿಲ್ಲ. ಮೆಲ್ಲಗೆ, “ಬೆಳದವರಷ್ಟ ಈ ಮಾತ ಹೇಳಾಕ ಉಳದಿರತಾರ್ರೀ ಮಾವಾರ” ಅಂದಳು.

ಬೈಲಹೊಂಗಲ ಮುಟ್ಟುವವರೆಗೆ ನಾನು ಬಾಯಿ ಬಿಡಲಿಲ್ಲ. ಮುದುಕ ಮುನಿಸಿಕೊಂಡಿದ್ದಾನೆ ಎಂದು ಎಲ್ಲರೂ ತಿಳಿದರು. ಮುನಿಸಲ್ಲ ಅದು. ನನಗೊಬ್ಬ ತಂಗಿಯಿದ್ದಳು.

ಅದು 1961. ನನಗೆ ಹತ್ತು, ಅವಳಿಗೆ ನಾಲ್ಕು. ಬೈಲಹೊಂಗಲ ತಾಲ್ಲೂಕಿನ ನಮ್ಮ ಊರಿನ ಜಾತ್ರೆಯಲ್ಲಿ ಅಪ್ಪ ಬೆಂಡು-ಬತ್ತಾಸು ಕೊಡಿಸಿದ್ದ. ಪೊಟ್ಟಣ ನನ್ನ ಕೈಯಲ್ಲಿತ್ತು, ತಂಗಿ ನನ್ನ ಅಂಗಿ ಹಿಡಿದು ಬರುತ್ತಿದ್ದಳು. ತೇರು ಎಳೆದ ಹಾದಿಯಲ್ಲಿ ಒಂದು ಬತ್ತಾಸು ಬಿತ್ತು. ಎತ್ತಿ, ಮೂರು ಸಲ ಊದಿ, ಅಂಗಿಗೆ ಒರೆಸಿ ಅವಳ ಬಾಯಿಗೆ ಹಾಕಿದೆ. ಬಿದ್ದದ್ದನ್ನು ಅವಳಿಗೆ ಕೊಟ್ಟೆ, ಚಲೋದನ್ನು ನಾನು ತಿಂದೆ. ಹತ್ತು ವರ್ಷದ ಅಣ್ಣಂದಿರು ಹಾಗೇ ಇರುತ್ತಾರೆ.

ಎರಡು ದಿನಕ್ಕೆ ಅವಳಿಗೆ ವಾಂತಿಭೇದಿ ಹತ್ತಿತು. ಅವಳು “ನೀರು, ನೀರು” ಅನ್ನುತ್ತಿದ್ದಳು. ಹೊಟ್ಟೆ ಕೆಟ್ಟಾಗ ನೀರು ಕೊಟ್ಟರೆ ಇನ್ನಷ್ಟು ಹೋಗುತ್ತದೆ ಎಂದು ಮನೆಯ ಹಿರಿಯರು ಕೊಡಗೊಡಲಿಲ್ಲ. ನನ್ನ ಅಜ್ಜಿ ದೃಷ್ಟಿ ತೆಗೆದಳು. ಅವ್ವ ಕದ್ದು ಸೆರಗಿನ ತುದಿ ಒದ್ದೆ ಮಾಡಿ ತುಟಿಗೆ ಹಚ್ಚಿದ್ದನ್ನು ನಾನು ನೋಡಿದ್ದೇನೆ. ಮೂರನೆಯ ದಿನ ನಸುಕಿನಲ್ಲಿ ಹೋದಳು.

ಬತ್ತಾಸಿನ ವಿಷಯ ನಾನು ಯಾರಿಗೂ ಹೇಳಲಿಲ್ಲ. ಬಿದ್ದದ್ದು ತಿಂದರೆ ಏನೂ ಆಗುವುದಿಲ್ಲ ಎಂದು ಜೀವಮಾನವಿಡೀ ವಾದಿಸಿದ್ದು ಯಾಕೆಂದು ಈಗ ಓದುವವರಿಗೆ ತಿಳಿದಿರಬಹುದು.

ಸವದತ್ತಿಯಿಂದ ಬಂದ ರಾತ್ರಿ, ಒಂಬತ್ತನೆಯ ತರಗತಿ ಓದುವ ಮೊಮ್ಮಗಳನ್ನು ಕರೆದು, ಈ ಐದು ಸೆಕೆಂಡಿನ ಮಾತನ್ನು ಯಾರಾದರೂ ಪರೀಕ್ಷೆ ಮಾಡಿ ನೋಡಿದ್ದಾರೆಯೇ ಎಂದು ಕೇಳಿದೆ. ಮಾಡಿದ್ದಾರೆ. ಮೊದಲು ಹೆಸರು ಮಾಡಿದವಳು ಮೊಮ್ಮಗಳಿಗಿಂತ ಸ್ವಲ್ಪವೇ ದೊಡ್ಡ ಹುಡುಗಿ. ಅಮೆರಿಕದ ಜಿಲಿಯನ್ ಕ್ಲಾರ್ಕ್, 2003ರಲ್ಲಿ ಹೈಸ್ಕೂಲಿನಲ್ಲಿದ್ದಾಗ ಇಲಿನಾಯ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಇದನ್ನು ನೋಡಿದಳು. ಮೊದಲು ಅಲ್ಲಿಯ ನೆಲವನ್ನೇ ಒರೆಸಿ ಪರೀಕ್ಷಿಸಿದರೆ ರೋಗಾಣು ಸಿಗಲೊಲ್ಲವು, ಒಣ ನೆಲ ಅಷ್ಟು ಚೊಕ್ಕ! ಆಮೇಲೆ ಟೈಲ್ಸಿನ ಮೇಲೆ ಬೇಕೆಂದೇ ರೋಗಾಣು ಹಚ್ಚಿ, ಅದರ ಮೇಲೆ ಬಿಸ್ಕತ್ತು ಮತ್ತು ಅಂಟುಮಿಠಾಯಿ ಇಟ್ಟಳು. ಐದು ಸೆಕೆಂಡಿನೊಳಗೇ ಅವು ತಿನಿಸಿಗೆ ಹತ್ತಿಬಿಟ್ಟಿದ್ದವು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆಂದೇ ‘ಇಗ್ ನೊಬೆಲ್’ ಎಂಬ ಪ್ರಶಸ್ತಿಯಿದೆ. 2004ರಲ್ಲಿ ಅದು ಅವಳಿಗೆ ಸಿಕ್ಕಿತು.

2016ರಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದ ಡೊನಾಲ್ಡ್ ಶಾಫ್ನರ್ ಮತ್ತು ರಾಬಿನ್ ಮಿರಾಂಡಾ ಇನ್ನೂ ಅಚ್ಚುಕಟ್ಟಾಗಿ ಮಾಡಿದರು. ಸ್ಟೀಲು, ಟೈಲ್ಸು, ಕಟ್ಟಿಗೆ, ಜಮಖಾನೆಯಂಥ ಕಾರ್ಪೆಟ್ಟು ಹೀಗೆ ನಾಲ್ಕು ನೆಲ. ಕಲ್ಲಂಗಡಿ, ಬ್ರೆಡ್ಡು, ಬೆಣ್ಣೆ ಸವರಿದ ಬ್ರೆಡ್ಡು, ಅಂಟುಮಿಠಾಯಿ ಹೀಗೆ ನಾಲ್ಕು ತಿನಿಸು. ಒಂದು ಸೆಕೆಂಡಿಗೂ ಕಡಿಮೆ ಸಮಯದಿಂದ 300 ಸೆಕೆಂಡಿನವರೆಗೆ ನಾಲ್ಕು ಅವಧಿ. ಒಟ್ಟು 2,560 ಅಳತೆ. (ಲೆಕ್ಕದವನಾದ ನನಗೆ ಈ ಅಂಕಿ ಬಹಳ ಹಿಡಿಸಿತು.) ಹೆಚ್ಚು ಹೊತ್ತು ಬಿದ್ದಿದ್ದರೆ ಹೆಚ್ಚು ಹತ್ತುವುದು ನಿಜ, ಆದರೆ ಕೆಲವು ಸಲ ಒಂದು ಸೆಕೆಂಡಿನೊಳಗೇ ಹತ್ತಿತ್ತು. ಎಲ್ಲಕ್ಕಿಂತ ಹೆಚ್ಚು ಹತ್ತಿದ್ದು ಕಲ್ಲಂಗಡಿಗೆ, ಕಡಿಮೆ ಹತ್ತಿದ್ದು ಮಿಠಾಯಿಗೆ. ರೋಗಾಣುವಿಗೆ ಕಾಲಿಲ್ಲ, ಅದು ತಿನಿಸಿನ ಪಸೆಯೊಂದಿಗೆ ಬರುತ್ತದೆ.

ಮೊಮ್ಮಗಳು ಇದನ್ನು ಓದಿ ಹೇಳಿದಾಗ ನಾನು ಇನ್ನೊಮ್ಮೆ ಓದಿಸಿದೆ. ಅಂದರೆ ಸೊಸೆ ಕಿತ್ತೆಸೆದದ್ದು ಸರಿ. ಮತ್ತೆ, ಒಣ ಸಕ್ಕರೆಯ ಬತ್ತಾಸು? ಏನೂ ಹತ್ತುವುದಿಲ್ಲ ಎಂದು ಯಾರೂ ಹೇಳಿಲ್ಲ. ಜಾತ್ರೆಯ ಹಾದಿಯ ಮಣ್ಣಿನಲ್ಲಿ ದನ, ಮಂದಿ, ಎಲ್ಲದರದೂ ಇರುತ್ತದೆ.

ನಮ್ಮ ಹಿರಿಯರ ನಡತೆಯೆಲ್ಲ ತಪ್ಪೆಂದೂ ಅಲ್ಲ. ಕಿತ್ತೂರಿನ ಶಾಖೆಯಲ್ಲಿದ್ದಾಗ ನಾನು ಬಾಡಿಗೆಗಿದ್ದ ಮನೆಯಲ್ಲಿ ತಲಬಾಗಿಲು ದಾಟಿದರೆ ಎಡಕ್ಕೆ ದನ, ಬಲಕ್ಕೆ ನಾವು. ಮಾಲೀಕರ ಮಕ್ಕಳು ಆಕಳ ಕರುವಿನ ಜೊತೆಯೇ ಹೊರಳಾಡಿ ಬೆಳೆದರು. ಅಮೆರಿಕದಲ್ಲಿ ಆಮಿಷ್ ಎಂಬ ಜನ ಇಂದಿಗೂ ಹೀಗೆ ಕುದುರೆ, ದನಗಳ ನಡುವೆ ಹಳೆಯ ಪದ್ಧತಿಯ ಒಕ್ಕಲುತನ ಮಾಡುತ್ತಾರೆ. ಹಟ್ಟರೈಟ್ ಎಂಬ ಇನ್ನೊಂದು ಜನ ಯಂತ್ರಗಳಿಂದ ದೊಡ್ಡ ಒಕ್ಕಲುತನ ಮಾಡುತ್ತಾರೆ. ಅವರ ಮಕ್ಕಳಿಗೆ ದಿನಾ ದನಗಳ ಸಹವಾಸವಿಲ್ಲ. ಎರಡೂ ಯುರೋಪಿನಿಂದ ಬಂದ, ಊಟ-ಉಡುಗೆಯಲ್ಲಿ ಬಹಳ ಹೋಲುವ ಜನ. ಆದರೆ ಆಮಿಷ್ ಮಕ್ಕಳಲ್ಲಿ ನೂರಕ್ಕೆ ಸುಮಾರು 5 ಮಂದಿಗೆ ಅಸ್ತಮಾ ಇದ್ದರೆ ಹಟ್ಟರೈಟ್ ಮಕ್ಕಳಲ್ಲಿ ಸುಮಾರು 21 ಮಂದಿಗೆ ಇತ್ತೆಂದು 2016ರ ಒಂದು ಅಧ್ಯಯನ ಹೇಳುತ್ತದೆ. ಕೊಟ್ಟಿಗೆಯ ಧೂಳು ಎಳೆಯ ಮೈಗೆ ಏನೋ ಪಾಠ ಕಲಿಸುತ್ತದಂತೆ.

ಎಂಜಲಿನ ಮಾತೂ ಇದೆ. ರಾಮದುರ್ಗ ತಾಲ್ಲೂಕಿನ ಸುರೇಬಾನದ ಹತ್ತಿರ ಶಬರಿಕೊಳ್ಳವಿದೆ. ಶಬರಿ ಬಾರಿಹಣ್ಣು ಕಚ್ಚಿ ನೋಡಿ, ಸಿಹಿಯಾದದ್ದನ್ನೇ ರಾಮನಿಗೆ ಕೊಟ್ಟದ್ದು ಅಲ್ಲೇ ಎಂದು ನಮ್ಮ ಭಾಗದವರ ನಂಬಿಕೆ. ರಾಮದುರ್ಗದಲ್ಲಿದ್ದಾಗ ಮಕ್ಕಳನ್ನು ಕರೆದುಕೊಂಡು ಎಷ್ಟು ಸಲ ಹೋಗಿದ್ದೇನೋ. 2013ರಲ್ಲಿ ಸ್ವೀಡನ್ನಿನ ವೈದ್ಯರು ಕೂಸುಗಳು ಚೀಪುವ ರಬ್ಬರಿನ ನಿಪ್ಪಲಿನ ಬಗ್ಗೆ ನೋಡಿದರು. ಅದನ್ನು ತಮ್ಮ ಬಾಯಲ್ಲಿ ಚೀಪಿ ಮತ್ತೆ ಕೂಸಿಗೆ ಕೊಡುತ್ತಿದ್ದ ತಂದೆತಾಯಿಗಳ ಮಕ್ಕಳಿಗೆ, ಒಂದೂವರೆ ವರ್ಷದ ಹೊತ್ತಿಗೆ ಚರ್ಮದ ಕಜ್ಜಿ, ಅಸ್ತಮಾ ಕಡಿಮೆಯಿದ್ದವು. ಅವರು ನೋಡಿದ್ದು 184 ಮಕ್ಕಳನ್ನಷ್ಟೇ. ದೊಡ್ಡವರ ಎಂಜಲಿನಿಂದ ಹಲ್ಲಿನ ಹುಳುಕಿನ ರೋಗಾಣು ಕೂಸಿಗೆ ದಾಟುವುದೂ ಉಂಟು. ಆದ್ದರಿಂದ ಅಜ್ಜಿಯರೇ, ಇದನ್ನು ಓದಿ ನಾಳೆಯಿಂದ ರೊಟ್ಟಿ ಅಗಿದು ತಿನ್ನಿಸಲು ಹೊರಡಬೇಡಿ.

ಮನೆಯ ಕೊಟ್ಟಿಗೆಯ ಮಣ್ಣು ಬೇರೆ, ಬಸ್ ನಿಲ್ದಾಣದ ನೆಲ ಬೇರೆ. ಬಿದ್ದ ಜಾಗದಲ್ಲಿ ಯಾರ ಉಗುಳು, ಯಾವ ಗಟಾರದ ನೀರು ಇದೆಯೆಂದು ಗಡಿಯಾರ ಹೇಳುವುದಿಲ್ಲ. ಊದಿದರೆ ಧೂಳು ಹೋದೀತು, ಹುಳುವಿನ ತತ್ತಿ ಹೋಗುವುದಿಲ್ಲ. ಜನ ಬಯಲಿಗೆ ಹೋಗುವ ಕಡೆ ಮಣ್ಣಿನಲ್ಲಿ ಈ ತತ್ತಿಗಳಿರುತ್ತವೆ. ಶಾಲೆಯಲ್ಲಿ ಜಂತುಹುಳುವಿನ ಗುಳಿಗೆ, ಆಲ್ಬೆಂಡಜೋಲ್, ಕೊಡುವುದು ಅದಕ್ಕೇ. ಹುಡುಗರೇ, ಅದನ್ನು ಬಾಯಲ್ಲಿಟ್ಟುಕೊಂಡು ಹಿತ್ತಲಲ್ಲಿ ಉಗುಳಬೇಡಿ, ನಮಗೆಲ್ಲ ಗೊತ್ತಾಗುತ್ತದೆ. ಮಗು ಬಿದ್ದದ್ದನ್ನಲ್ಲ, ಬರೀ ಮಣ್ಣನ್ನೇ ಹುಡುಕಿ ಹುಡುಕಿ ತಿನ್ನುತ್ತಿದ್ದರೆ ಹೊಡೆಯಬೇಡಿ, ವೈದ್ಯರಿಗೆ ತೋರಿಸಿ. ರಕ್ತದಲ್ಲಿ ಕಬ್ಬಿಣ ಕಡಿಮೆಯಾದ ಮಕ್ಕಳು ಹಾಗೆ ಮಾಡುವುದುಂಟು.

ಇನ್ನು ಕೈ. ಕ್ಯಾಶ್ ಕೌಂಟರಿನಲ್ಲಿ ಸ್ಪಂಜಿನ ಬಟ್ಟಲು ಒಣಗಿದ್ದರೆ ನಾವು ಹೆಬ್ಬೆರಳು ನಾಲಿಗೆಗೆ ತಾಗಿಸಿಯೇ ನೋಟು ಎಣಿಸುತ್ತಿದ್ದೆವು. ಹತ್ತಿ ಮಾರಿ ಬಂದ ರೈತನ ನೋಟಿಗೆ ಬೆವರಿನ ವಾಸನೆ, ಎಲೆಅಡಿಕೆ ಚೀಲದಿಂದ ಹೊರಟ ನೋಟಿಗೆ ಸುಣ್ಣದ ಕಲೆ. ಮಧ್ಯಾಹ್ನ ಅದೇ ಕೈಯಿಂದ ಡಬ್ಬಿ ಬಿಚ್ಚಿ ರೊಟ್ಟಿ ಮುರಿಯುತ್ತಿದ್ದೆವು. ನೆಲಕ್ಕೆ ಬಿದ್ದ ತುಣುಕನ್ನು ಮಾತ್ರ ಬಹಳ ಶುದ್ಧದವರಂತೆ ಕಾಗೆಗೆ ಹಾಕುತ್ತಿದ್ದೆವು! ಈಗ ನನ್ನ ಸೊಸೆ ಊಟಕ್ಕೆ ಮುಂಚೆ ಸಾಬೂನಿನಿಂದ ಕೈ ತೊಳೆಯದವರಿಗೆ ತಾಟು ಹಾಕುವುದಿಲ್ಲ. ನನಗೂ ಸೇರಿ.

ಒಬ್ಬ ಪರಿಚಯದ ಮಕ್ಕಳ ವೈದ್ಯರಿಗೆ ಆ ವಾರ ತಂಗಿಯ ವಿಷಯ ಹೇಳಿದೆ. ಹೊರಗಿನವರಿಗೆ ಹೇಳಿದ್ದು ಅದೇ ಮೊದಲು. ಅವರು ಬತ್ತಾಸಿನ ಬಗ್ಗೆ ಏನೂ ಕೇಳಲಿಲ್ಲ. “ನೀರು ಎಲ್ಲಿಂದ ತರತಿದ್ರಿ?” ಅಂದರು. ತಿಪ್ಪೆಯ ಪಕ್ಕದ ಬಾವಿಯಿಂದ. “ಓಣ್ಯಾಗ ಬ್ಯಾರೆ ಮಕ್ಕಳಿಗೂ ಆಗಿತ್ತೇನು?” ಆಗ ನೆನಪಾಯಿತು. ಆಗಿತ್ತು, ಎದುರು ಮನೆಯ ಹುಡುಗನಿಗೂ ಅದೇ ವಾರ ಆಗಿತ್ತು. ಅಷ್ಟು ವರ್ಷ ಆ ಹುಡುಗನ ನೆನಪೇ ನನಗಿರಲಿಲ್ಲ. “ಯಾವುದರಿಂದ ಬಂತು ಅಂತ ಈಗ ಯಾರೂ ಹೇಳಾಕ ಆಗೂದಿಲ್ಲರಿ. ಆದರ ಭೇದಿಯೊಳಗ ಕೂಸು ಹೋಗೂದು ಮೈಯಾಗಿನ ನೀರು, ಉಪ್ಪು ಖಾಲಿ ಆಗಿ. ನೀರು ಕೊಟ್ಟಿದ್ರ ಉಳೀತಿತ್ತೇನೋ” ಅಂದರು.

1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬೊಂಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ಸಲೈನ್ ಬಾಟಲಿ ಸಾಲದಾದಾಗ, ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ಇಟ್ಟು ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 3.6ಕ್ಕೆ ಇಳಿಯಿತು. ತಂಗಿ ಹೋಗಿ ಹತ್ತೇ ವರ್ಷಕ್ಕೆ. ಈಗ ಆ ಓಆರ್‌ಎಸ್ ಪೊಟ್ಟಣ ಅಂಗನವಾಡಿಯಲ್ಲೂ ಸಿಗುತ್ತದೆ. ದೊಡ್ಡ ಪೊಟ್ಟಣ ಪೂರ್ತಿಯಾಗಿ ಒಂದು ಲೀಟರ್ ಶುದ್ಧ ನೀರಿಗೆ. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಸಮ ಚಹಾ ಚಮಚೆ ಸಕ್ಕರೆ, ಅರ್ಧ ಚಹಾ ಚಮಚೆ ಉಪ್ಪು. ಗುಟುಕು ಗುಟುಕಾಗಿ ಕುಡಿಸುತ್ತ ದವಾಖಾನೆಗೆ ಹೊರಡುವುದು.

ಇದನ್ನೆಲ್ಲ ಬರೆದು ಮೊಮ್ಮಗಳಿಗೆ ಓದಿ ತೋರಿಸುತ್ತಿದ್ದೆ, ಕಾಗುಣಿತ ತಿದ್ದಲಿ ಎಂದು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತದ್ದು ನನಗೆ ಗೊತ್ತಾಗಲಿಲ್ಲ. ಸೊಸೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದಳು.

“ಅಕಿ ಹೆಸರ ಏನಿತ್ತರಿ, ಮಾವಾರ?”

ಹೇಳಿದೆ. ನಮ್ಮ ಮನೆಯಲ್ಲಿ ಆ ಹೆಸರು ಆಡಿ ಬಹಳ ವರ್ಷವಾಗಿತ್ತು.