ಗೋಲ್ಡನ್ ಚಾರಿಯಟ್ ರೈಲು: ಸ್ಥಳ ಕಾಯ್ದಿರಿಸುವ ಮುನ್ನ ಗಮನಿಸಬೇಕಾದ ಅಂಶಗಳು

ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ರಥದಿಂದ ಹೆಸರು ಪಡೆದ ‘ಗೋಲ್ಡನ್ ಚಾರಿಯಟ್’ ಐಷಾರಾಮಿ ಪ್ರವಾಸಿ ರೈಲು 2008ರಲ್ಲಿ ಸಂಚಾರ ಆರಂಭಿಸಿತು. ಮೊದಲು ಇದನ್ನು ಕರ್ನಾಟಕ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮವು ನಡೆಸುತ್ತಿತ್ತು. 2019ರ ಒಪ್ಪಂದದ ಮೇರೆಗೆ ನಿರ್ವಹಣೆಯನ್ನು ಐ.ಆರ್.ಸಿ.ಟಿ.ಸಿ. ಸಂಸ್ಥೆಗೆ ವಹಿಸಲಾಯಿತು. ಸ್ಥಗಿತಗೊಂಡಿದ್ದ ಸಂಚಾರವು 2024ರ ಡಿಸೆಂಬರ್‌ನಲ್ಲಿ ಪುನರಾರಂಭಗೊಂಡಿತು.

ಕದಂಬ, ಗಂಗ, ಹೊಯ್ಸಳ ಮೊದಲಾದ ರಾಜವಂಶಗಳ ಹೆಸರು ಹೊತ್ತ ಬೋಗಿಗಳಲ್ಲಿ 80 ಅತಿಥಿಗಳಿಗಾಗಿ 40 ಕೊಠಡಿಗಳಿವೆ. ಇವುಗಳಲ್ಲಿ ಒಂದನ್ನು ವಿಕಲಚೇತನರಿಗಾಗಿ ರೂಪಿಸಲಾಗಿದೆ.

ಸಾಮಾನ್ಯ ರೈಲಿನಂತೆ ಒಂದು ನಿಲ್ದಾಣದಿಂದ ಮತ್ತೊಂದಕ್ಕೆ ಮಾತ್ರ ಇದರಲ್ಲಿ ಟಿಕೆಟ್ ಪಡೆಯಲಾಗದು. ಇಡೀ ಪ್ರವಾಸವನ್ನೇ ಕಾಯ್ದಿರಿಸಬೇಕು. ವಸತಿ, ಊಟೋಪಚಾರ ಹಾಗೂ ಮಾರ್ಗದರ್ಶಿ ಸಹಿತ ಸ್ಥಳವೀಕ್ಷಣೆ ಪ್ರವಾಸ ದರದಲ್ಲಿ ಸೇರಿರುತ್ತವೆ. ಸ್ಪಾ ಸೇವೆ, ಬಟ್ಟೆ ಒಗೆಸುವಿಕೆ ಮುಂತಾದ ವೈಯಕ್ತಿಕ ವೆಚ್ಚಗಳು ಪ್ರತ್ಯೇಕ. ದರವನ್ನು ತಲಾ ಲೆಕ್ಕದಲ್ಲಿ ನಿಗದಿಪಡಿಸಲಾಗಿದ್ದು, ಕೊಠಡಿಯನ್ನು ಒಬ್ಬರೇ ಬಳಸಿದಲ್ಲಿ ಹೆಚ್ಚು ದರ ತೆರಬೇಕಾಗುತ್ತದೆ.

5 ರಾತ್ರಿ ಮತ್ತು 6 ಹಗಲುಗಳ ‘ಪ್ರೈಡ್ ಆಫ್ ಕರ್ನಾಟಕ’ ಪ್ರವಾಸವು ಬೆಂಗಳೂರಿನಿಂದ ಹೊರಟು ಬಂಡೀಪುರ, ಮೈಸೂರು, ಹಳೇಬೀಡು, ಚಿಕ್ಕಮಗಳೂರು, ಹಂಪಿ ಹಾಗೂ ಗೋವಾ ದರ್ಶನದ ನಂತರ ಬೆಂಗಳೂರಿಗೆ ಮರಳುತ್ತದೆ. ಬಂಡೀಪುರ, ಹಂಪಿಯಂತಹ ತಾಣಗಳನ್ನು ನಿಲ್ದಾಣದಿಂದ ರಸ್ತೆಯ ಮೂಲಕ ತಲುಪಬೇಕಾಗಿರುತ್ತದೆ. ಆದುದರಿಂದ ಹಿರಿಯ ನಾಗರಿಕರು ಹಾಗೂ ನಡೆಯಲು ತೊಂದರೆಯುಳ್ಳವರು ತಮ್ಮ ಅಗತ್ಯಗಳನ್ನು ಕಾಯ್ದಿರಿಸುವಾಗಲೇ ತಿಳಿಸುವುದು ಸೂಕ್ತ.

ಈ ರೈಲು ವರ್ಷವಿಡೀ ಸಂಚರಿಸುವುದಿಲ್ಲ. ಹಣ ಪಾವತಿಸುವ ಮುನ್ನ ಹೊರಡುವ ದಿನಾಂಕ, ತೆರಿಗೆ ಸೇರಿದ ಒಟ್ಟು ಮೊತ್ತ ಮತ್ತು ರದ್ದತಿಯ ನಿಯಮಗಳನ್ನು ಐ.ಆರ್.ಸಿ.ಟಿ.ಸಿ.ಯಿಂದಲೇ ಖಚಿತಪಡಿಸಿಕೊಳ್ಳಲು ಸಾರ್ವಜನಿಕರಲ್ಲಿ ಕೋರಲಾಗಿದೆ.