ಒಂದೇ ಮಾತ್ರೆ, ಎರಡು ಫಲ



ಮೊದಲು ಒಂದು ಸಣ್ಣ ಲೆಕ್ಕ. ಒಂದು ತರಗತಿಯಲ್ಲಿ 30 ಹುಡುಗರು, 10 ಹುಡುಗಿಯರು ಇದ್ದಾರೆ ಎಂದಿಟ್ಟುಕೊಳ್ಳಿ. ಹೊಸ ಬೋಧನಾ ಕ್ರಮವೊಂದನ್ನು ತಂದಾಗ ಪ್ರತಿ ಹುಡುಗನ ಅಂಕ 10 ಏರಿತು, ಪ್ರತಿ ಹುಡುಗಿಯ ಅಂಕ 10 ಇಳಿಯಿತು. ಇಡೀ ತರಗತಿಯ ಸರಾಸರಿ ತೆಗೆದರೆ 5 ಅಂಕ ಏರಿರುತ್ತದೆ! ಕ್ರಮ ಯಶಸ್ವಿಯಾಯಿತು ಎಂದು ಎಲ್ಲರೂ ಹೇಳುತ್ತಾರೆ. ಹುಡುಗಿಯರಿಗಾದ ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ಔಷಧಿಗಳ ವಿಷಯದಲ್ಲಿಯೂ ಹೀಗಾಗುವುದುಂಟು. ಕೊಕೇನ್ ಚಟದ ಚಿಕಿತ್ಸೆಯನ್ನೇ ನೋಡೋಣ.

ಕೊಕೇನ್ ದಕ್ಷಿಣ ಅಮೆರಿಕದ ಕೋಕಾ ಗಿಡದ ಎಲೆಯಿಂದ ತೆಗೆಯುವ ಮಾದಕ ವಸ್ತು. ನಮ್ಮ ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವಿದೆ. ಒಂದು ನರಕೋಶದಿಂದ ಹೊರಬಂದ ಡೋಪಮಿನ್ ತನ್ನ ಸಂದೇಶವನ್ನು ತಲುಪಿಸಿ ಮತ್ತೆ ಆ ಕೋಶಕ್ಕೇ ಮರಳುತ್ತದೆ. ಕೊಕೇನ್ ಈ ಮರಳುವ ಬಾಗಿಲನ್ನು ಮುಚ್ಚಿಬಿಡುತ್ತದೆ. ಡೋಪಮಿನ್ ಕೋಶಗಳ ನಡುವೆ ತುಂಬಿ ನಿಂತು ಅಮಲೇರುತ್ತದೆ. ಪದೇ ಪದೇ ಹೀಗಾದರೆ ಮೆದುಳು ಅದಕ್ಕೇ ಒಗ್ಗಿಕೊಳ್ಳುತ್ತದೆ. ಆದ್ದರಿಂದಲೇ ಚಟ ಬಿಟ್ಟು ತಿಂಗಳುಗಳಾದರೂ ಹಂಬಲ ತಲೆಯೆತ್ತುತ್ತದೆ. ಬಿಟ್ಟವರು ಮತ್ತೆ ಅದಕ್ಕೆ ಮರಳುವುದೇ ಮರುಕಳಿಕೆ. ಇದನ್ನು ಮನಸ್ಸಿನ ದೌರ್ಬಲ್ಯವೆಂದು ಹಳಿಯುವುದು ಸರಿಯಲ್ಲ; ಇದು ಆ ಕಾಯಿಲೆಯ ಲಕ್ಷಣ.

ಇಲ್ಲಿ ಹೆಣ್ಣು, ಗಂಡು ಎಂಬ ವ್ಯತ್ಯಾಸ ಹೇಗೆ ಬಂತು? ಸ್ತ್ರೀಯರಲ್ಲಿ ಹೆಚ್ಚಾಗಿರುವ ಈಸ್ಟ್ರಡಯಾಲ್ ಎಂಬ ಹಾರ್ಮೋನು ಡೋಪಮಿನ್ ಬಿಡುಗಡೆಯನ್ನು ಹೆಚ್ಚಿಸುವುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಬಂದಿದೆ. ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಕೊಕೇನಿನ ಪರಿಣಾಮವನ್ನು ತಗ್ಗಿಸುತ್ತದೆ. ಮರುಕಳಿಕೆಗೆ ದಾರಿಮಾಡುವ ಕಾರಣಗಳೂ ಬೇರೆಯಾಗಬಹುದು. 2012ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಕೊಕೇನ್ ವ್ಯಸನಿಗಳ ಮೆದುಳಿನ ಚಿತ್ರಗಳನ್ನು ತೆಗೆದು ನೋಡಿದರು. ಮನಸ್ಸಿಗೆ ಒತ್ತಡ ತರುವ ಸನ್ನಿವೇಶವನ್ನು ನೆನೆದಾಗ ಸ್ತ್ರೀಯರ ಮೆದುಳು ಹೆಚ್ಚು ಕೆರಳಿತು. ಮಾದಕ ವಸ್ತುವನ್ನು ನೆನಪಿಸುವ ಸನ್ನಿವೇಶವನ್ನು ನೆನೆದಾಗ ಪುರುಷರ ಮೆದುಳು ಹೆಚ್ಚು ಕೆರಳಿತು.

ಹಾಗಾದರೆ ಔಷಧಿಗಳು ಇಬ್ಬರಿಗೂ ಒಂದೇ ಫಲ ನೀಡುತ್ತವೆಯೇ? ಡೈಸಲ್ಫಿರಾಮ್ ಕುಡಿತ ಬಿಡಿಸಲು ಕೊಡುವ ಹಳೆಯ ಔಷಧಿ. ಡೋಪಮಿನ್‌ನ ರಾಸಾಯನಿಕ ಬದಲಾವಣೆಯ ಮೇಲೂ ಅದರ ಪ್ರಭಾವವಿರುವುದರಿಂದ ಕೊಕೇನ್ ವ್ಯಸನಿಗಳಿಗೂ ಕೊಟ್ಟು ನೋಡಲಾಯಿತು. ಪ್ರಯೋಗಗಳ ಫಲಿತಾಂಶವನ್ನು 2004ರಲ್ಲಿ ಹೆಣ್ಣು, ಗಂಡು ಎಂದು ವಿಂಗಡಿಸಿ ನೋಡಿದಾಗ, ಪ್ರಯೋಜನ ಪುರುಷರಲ್ಲಿ ಕಂಡಿತು. ಸ್ತ್ರೀಯರಲ್ಲಿ ಮಾತ್ರ ಔಷಧಿ ತೆಗೆದುಕೊಂಡವರಿಗೂ ತೆಗೆದುಕೊಳ್ಳದವರಿಗೂ ಅಂಥ ವ್ಯತ್ಯಾಸವಿರಲಿಲ್ಲ.

ನಾಲ್ಟ್ರೆಕ್ಸೋನ್ ಮಾತ್ರೆಯ ಕಥೆ ಇದಕ್ಕಿಂತ ಕಳವಳಕಾರಿ. ಕುಡಿತ ಮತ್ತು ಕೊಕೇನ್ ಎರಡರ ಚಟವೂ ಇದ್ದ 116 ಪುರುಷರು, 48 ಸ್ತ್ರೀಯರು ಈ ಪ್ರಯೋಗದಲ್ಲಿದ್ದರು. ಕೆಲವರಿಗೆ ದಿನಕ್ಕೆ 150 ಮಿಲಿಗ್ರಾಂ ಔಷಧಿ, ಉಳಿದವರಿಗೆ ಔಷಧಿಯಿಲ್ಲದ ಹುಸಿ ಮಾತ್ರೆ. 2008ರಲ್ಲಿ ಫಲಿತಾಂಶ ಪ್ರಕಟವಾಯಿತು. ಔಷಧಿ ಪಡೆದ ಪುರುಷರಲ್ಲಿ ಕೊಕೇನ್ ಸೇವನೆ, ಕುಡಿತ ಎರಡೂ ತಗ್ಗಿದ್ದವು. ಔಷಧಿ ಪಡೆದ ಸ್ತ್ರೀಯರಲ್ಲಿ ಸೇವನೆ ಹೆಚ್ಚಾಗಿಯೇ ಇತ್ತು! ಗುಣವಾಗಲೆಂದು ನಂಬಿ ಬಂದವರು ಅವರು. ಸಂಶೋಧಕರು ಮೊದಲಿನಿಂದಲೇ ಎರಡು ಗುಂಪುಗಳ ಲೆಕ್ಕವನ್ನು ಬೇರೆಯಾಗಿ ಇಟ್ಟಿದ್ದರಿಂದ ಈ ಸಂಗತಿ ಹೊರಬಿತ್ತು. 48 ಜನರ ಲೆಕ್ಕವನ್ನು 116 ಜನರ ಲೆಕ್ಕದೊಡನೆ ಬೆರೆಸಿದ್ದರೆ ಏನಾಗುತ್ತಿತ್ತೆಂಬುದನ್ನು ನಮ್ಮ ತರಗತಿಯ ಉದಾಹರಣೆಯಿಂದ ನೀವೇ ಊಹಿಸಬಹುದು.

ಇಷ್ಟು ಮುಖ್ಯವಾದ ಪ್ರಶ್ನೆ ತಡವಾಗಿ ಎದ್ದದ್ದೇಕೆ? ಹುಟ್ಟಲಿರುವ ಶಿಶುವಿಗೆ ಹಾನಿಯಾದೀತೆಂಬ ಭಯದಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 1977ರಲ್ಲಿ, ಗರ್ಭ ಧರಿಸಬಲ್ಲ ವಯಸ್ಸಿನ ಸ್ತ್ರೀಯರನ್ನು ಔಷಧಿಗಳ ಆರಂಭಿಕ ಪ್ರಯೋಗಗಳಿಂದ ಹೊರಗಿಡುವಂತೆ ಸೂಚಿಸಿತ್ತು. 1993ರಲ್ಲಿ ಈ ಸೂಚನೆಯನ್ನು ಬದಲಿಸಲಾಯಿತು. ರಕ್ಷಣೆಯ ಉದ್ದೇಶ ಒಳ್ಳೆಯದೇ. ಆದರೆ ಅದರಿಂದ ಸ್ತ್ರೀಯರ ದೇಹದ ಬಗೆಗಿನ ತಿಳಿವಳಿಕೆ ಹಿಂದುಳಿಯಿತು.

ಒಂದು ಎಚ್ಚರಿಕೆಯೂ ಅಗತ್ಯ. 48 ಸ್ತ್ರೀಯರೆಂದರೆ ಚಿಕ್ಕ ಗುಂಪು. ಅದರಿಂದ ಎಲ್ಲ ಸ್ತ್ರೀಯರ ಬಗೆಗೆ ತೀರ್ಮಾನಿಸಲಾಗದು. ಕೊಕೇನ್ ಚಟಕ್ಕೆಂದೇ ಅಮೆರಿಕದ ಆ ಸಂಸ್ಥೆ ಮಾನ್ಯಮಾಡಿದ ಔಷಧಿ ಇಂದಿಗೂ ಇಲ್ಲ. ಆಪ್ತಸಲಹೆ, ಮನೋಚಿಕಿತ್ಸೆಗಳೇ ಮುಖ್ಯ ಆಸರೆ. ನಿಮಗೆ ತಿಳಿದ ಯಾರಿಗಾದರೂ ಮಾದಕ ವಸ್ತುವಿನ ತೊಂದರೆಯಿದ್ದರೆ ಮುಚ್ಚಿಡಬೇಡಿ. ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ವ್ಯಸನ ಚಿಕಿತ್ಸೆ ದೊರೆಯುತ್ತದೆ.

ಇನ್ನು ಮುಂದೆ ‘ಈ ಔಷಧಿ ಫಲಕಾರಿ’ ಎಂಬ ಸುದ್ದಿಯನ್ನು ಎಲ್ಲಿಯಾದರೂ ಓದಿದಾಗ ಎರಡು ಪ್ರಶ್ನೆ ಕೇಳಿ: ಯಾರಿಗೆ ಫಲಕಾರಿ? ಪ್ರಯೋಗದಲ್ಲಿ ಸ್ತ್ರೀಯರೆಷ್ಟು, ಪುರುಷರೆಷ್ಟು? ವಿಜ್ಞಾನ ಮುಂದುವರಿಯುವುದು ಇಂಥ ಪ್ರಶ್ನೆಗಳಿಂದಲೇ.