ಏರುವ ಕೌಂಟ್, ಇಳಿಯುವ ಲೋಡ್, ಮಾತ್ರೆಯ ದರ

ಚಿಕಿತ್ಸೆ ಇಲ್ಲದ ಎಚ್‌ಐವಿ ಸೋಂಕಿತರ ದೇಹದಲ್ಲಿ ದಿನಕ್ಕೆ ಸುಮಾರು ಸಾವಿರ ಕೋಟಿ ಹೊಸ ವೈರಸ್‌ಗಳು ಹುಟ್ಟುತ್ತವೆ ಎನ್ನುತ್ತದೆ 1996ರ ಒಂದು ಲೆಕ್ಕ. ಅವು ಹೊಕ್ಕು ಕೊಲ್ಲುವುದು ಮುಖ್ಯವಾಗಿ ಸಿಡಿ4 ಕಣಗಳನ್ನು. ರೋಗನಿರೋಧಕ ಪಡೆಯನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುವ ಬಿಳಿರಕ್ತಕಣಗಳಿವು. ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರ್ ರಕ್ತಕ್ಕೆ 500ರಿಂದ 1,500 ಇರುತ್ತವೆ. 200ಕ್ಕಿಂತ ಕೆಳಗಿಳಿದರೆ ಅದು ಏಡ್ಸ್ ಹಂತ.

ಎಚ್‌ಐವಿ ಚಿಕಿತ್ಸೆ ಕೊಡುವ ಎಆರ್‌ಟಿ ಸೆಂಟರಿನಲ್ಲಿ ಈಗ ಬಹುತೇಕ ವಯಸ್ಕರಿಗೆ ಸಿಗುವುದು ಟಿಎಲ್‌ಡಿ. ಟೆನೊಫೊವಿರ್ 300 ಮಿ.ಗ್ರಾಂ., ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50, ಮೂರೂ ಒಂದೇ ಮಾತ್ರೆಯಲ್ಲಿ. ಮೊದಲೆರಡು ವೈರಸ್ ತನ್ನ ಆರ್‌ಎನ್‌ಎಯನ್ನು ಡಿಎನ್‌ಎ ಮಾಡಿಕೊಳ್ಳದಂತೆ ತಡೆದರೆ, ಮೂರನೆಯದು ಆ ಡಿಎನ್‌ಎ ನಮ್ಮ ಕಣದ ವಂಶವಾಹಿಗೆ ಸೇರದಂತೆ ನೋಡಿಕೊಳ್ಳುತ್ತದೆ. ತಪ್ಪದೆ ನುಂಗಿದರೆ ಆರು ತಿಂಗಳೊಳಗೆ ಹೆಚ್ಚಿನವರ ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ ಎಣಿಕೆ, ಮಿಲಿಲೀಟರಿಗೆ 50ಕ್ಕಿಂತ ಕೆಳಗೆ ಬರುತ್ತದೆ.

ಲೋಡ್ ಇಳಿದಷ್ಟು ಬೇಗ ಸಿಡಿ4 ಕೌಂಟ್ ಏರುವುದಿಲ್ಲ. ಔಷಧಿಯೇನೂ ಸಿಡಿ4 ಕಣಗಳನ್ನು ತಯಾರಿಸುವುದಿಲ್ಲವಲ್ಲ. ಕೊಲ್ಲುವವನನ್ನು ಕಟ್ಟಿಹಾಕುತ್ತದೆ ಅಷ್ಟೆ, ಮತ್ತೆ ಬೆಳೆಸಿಕೊಳ್ಳುವ ಪಾಡು ದೇಹದ್ದು. ಮೊದಲ ಮೂರು ತಿಂಗಳ ಜಿಗಿತದಲ್ಲಿ ಒಂದು ಪಾಲು ದುಗ್ಧಗ್ರಂಥಿಗಳಲ್ಲಿ ಸಿಕ್ಕಿಕೊಂಡಿದ್ದ ಹಳೆಯ ಕಣಗಳು ರಕ್ತಕ್ಕೆ ಮರಳಿದ್ದು. ಹೊಸ ಕಣಗಳು ಥೈಮಸ್‌ನಿಂದ ನಿಧಾನಕ್ಕೆ ಬರಬೇಕು, ಆ ಗ್ರಂಥಿಯೋ ವಯಸ್ಸಾದಂತೆ ಕುಗ್ಗುತ್ತದೆ. ಮೊದಲ ವರ್ಷದ ಏರಿಕೆ ಸಾಮಾನ್ಯವಾಗಿ 50ರಿಂದ 150, ಆಮೇಲೆ ವರ್ಷಕ್ಕೆ 50ರಿಂದ 100.

80 ಕೌಂಟ್ ಇದ್ದಾಗ ಮಾತ್ರೆ ಶುರುಮಾಡಿದವರು ಮೊದಲ ವರ್ಷ 100 ಗಳಿಸಿದರೂ 180ರಲ್ಲೇ ಇರುತ್ತಾರೆ. 500 ಮುಟ್ಟಲು ಐದಾರು ವರ್ಷ ಬೇಕು, ಕೆಲವರು ಮುಟ್ಟುವುದೇ ಇಲ್ಲ. 350ರಲ್ಲಿ ಶುರುಮಾಡಿದವರಿಗೆ ಎರಡು ವರ್ಷ ಸಾಕು. ತಡಮಾಡಿದ್ದಕ್ಕೆ ತೆರುವ ದಂಡ ಇದೇ.

ಇಷ್ಟಾದರೂ ಬಹುಕಾಲ ನಿಯಮವೇ ತಡಮಾಡಿಸುತ್ತಿತ್ತು. 2004ರ ಏಪ್ರಿಲ್ 1ರಂದು ಕರ್ನಾಟಕವೂ ಸೇರಿದಂತೆ ಹೆಚ್ಚು ಸೋಂಕಿದ್ದ ರಾಜ್ಯಗಳಲ್ಲಿ ಉಚಿತ ಎಆರ್‌ಟಿ ಆರಂಭವಾದಾಗ ರೋಗಲಕ್ಷಣ ಇಲ್ಲದವರು ಕೌಂಟ್ 200ಕ್ಕೆ ಇಳಿಯುವವರೆಗೆ ಕಾಯಬೇಕಿತ್ತು. ಆ ಮಿತಿ ಮೆಟ್ಟಿಲು ಮೆಟ್ಟಿಲಾಗಿ 350, 500 ಆಯಿತು. 2015ರಲ್ಲಿ 35 ದೇಶಗಳ 4,685 ಜನರ ‘ಸ್ಟಾರ್ಟ್’ ಅಧ್ಯಯನದ ಫಲಿತಾಂಶ ಬಂತು: ಕೌಂಟ್ 500ಕ್ಕಿಂತ ಮೇಲಿದ್ದಾಗಲೇ ಮಾತ್ರೆ ಹಿಡಿದವರಲ್ಲಿ ಗಂಭೀರ ಕಾಯಿಲೆ ಅಥವಾ ಸಾವಿನ ಅಪಾಯ 57% ಕಡಿಮೆ. 2017ರಿಂದ ಭಾರತದಲ್ಲೂ ಕೌಂಟ್ ಎಷ್ಟೇ ಇರಲಿ, ಪಾಸಿಟಿವ್ ಎಂದ ಕೂಡಲೇ ಚಿಕಿತ್ಸೆ.

ಇನ್ನು ದುಡ್ಡಿನ ವಿಷಯ. 2000ದ ಸುಮಾರಿಗೆ ಬ್ರಾಂಡ್ ಕಂಪನಿಗಳ ಮೂರು ಔಷಧಿಗಳಿಗೆ ವರ್ಷಕ್ಕೆ 10,000 ಡಾಲರ್ ಮೇಲೆಯೇ ಬೀಳುತ್ತಿತ್ತು. 2001ರ ಫೆಬ್ರುವರಿಯಲ್ಲಿ ಮುಂಬೈನ ಸಿಪ್ಲಾ, ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆಗೆ ಅದನ್ನು 350 ಡಾಲರಿಗೆ ಕೊಡುತ್ತೇನೆಂದಿತು. 2024ರಲ್ಲಿ ಅಂತರರಾಷ್ಟ್ರೀಯ ನೆರವು ಸಂಸ್ಥೆ ಗ್ಲೋಬಲ್ ಫಂಡ್‌ನ ಖರೀದಿಯಲ್ಲಿ ಟಿಎಲ್‌ಡಿ ವರ್ಷಕ್ಕೆ 37 ಡಾಲರಿಗಿಂತ ಕೆಳಗಿಳಿಯಿತು. ದಿನಕ್ಕೆ ಎಂಟೊಂಬತ್ತು ರೂಪಾಯಿ.

ಲೋಡ್ ಇಳಿದು ಕೌಂಟ್ ಏರಿತೆಂದು ಮಾತ್ರೆ ನಿಲ್ಲಿಸುವಂತಿಲ್ಲ. ಸೋಂಕು ತಗಲಿಯೂ ನಿದ್ದೆಹೋದ ಸಿಡಿ4 ಕಣಗಳನ್ನು ಮಾತ್ರೆ ಮುಟ್ಟಲಾರದು. ಅವು ಅರ್ಧಕ್ಕಿಳಿಯಲು ಸುಮಾರು 44 ತಿಂಗಳು, 10 ಲಕ್ಷ ಕಣಗಳು ಪೂರ್ತಿ ತೀರಲು 73 ವರ್ಷ ಬೇಕೆಂದು ಅಂದಾಜು. ಮಾತ್ರೆ ಬಿಟ್ಟರೆ ಎರಡರಿಂದ ನಾಲ್ಕು ವಾರಗಳಲ್ಲಿ ವೈರಸ್ ಮತ್ತೆ ಏಳುವುದು ಇವುಗಳಿಂದಲೇ. 25ನೇ ವಯಸ್ಸಿನಲ್ಲಿ ಶುರುಮಾಡಿದವರು 70 ತುಂಬುವ ಹೊತ್ತಿಗೆ ಸುಮಾರು 16,425 ಮಾತ್ರೆ ನುಂಗಿರುತ್ತಾರೆ. 37 ಡಾಲರ್ ದರದಲ್ಲಿ ಒಟ್ಟು 1,665 ಡಾಲರ್. ಹಳೆಯ ಬ್ರಾಂಡ್ ಬೆಲೆಯಲ್ಲಿ ಈ ಹಣಕ್ಕೆ ಸಿಗುತ್ತಿದ್ದುದು ಎರಡು ತಿಂಗಳ ಔಷಧಿ.